ಹೆರಾತ್‌ನ ಹುಡುಗಿಯರು ಬರೆದ ಪ್ರೋಗ್ರಾಂ

ಅಫ್ಘಾನಿಸ್ತಾನ ಎಂದ ಕೂಡಲೇ ನಮಗೆ ನೆನಪಾಗುವುದು ಯುದ್ಧ. ಅದೇ ದೇಶದ ಪಶ್ಚಿಮ ಭಾಗದ ಹೆರಾತ್ ನಗರದಲ್ಲಿ 2015ರಲ್ಲಿ ಹುಡುಗಿಯರಿಗಾಗಿಯೇ ಒಂದು ಕೋಡಿಂಗ್ ಶಾಲೆ ಆರಂಭವಾಯಿತು. ಹೆಸರು ‘ಕೋಡ್ ಟು ಇನ್‌ಸ್ಪೈರ್’. ಕಂಪ್ಯೂಟರ್ ಸೈನ್ಸ್ ವಿದ್ಯಾರ್ಥಿನಿಯಾಗಿ ನಾನು ಅದರ ಬಗ್ಗೆ ಓದಿ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಸ್ಥಾಪಕಿ ಫೆರೆಶ್ತೆ ಫುರೂಘ್ ಹುಟ್ಟಿದ್ದು ಇರಾನಿನಲ್ಲಿ, ಅಫ್ಘಾನ್ ನಿರಾಶ್ರಿತರ ಮನೆಯಲ್ಲಿ. ತಾಯಿ ಬಟ್ಟೆ ಹೊಲಿದು ಮಾರಿ ಮಕ್ಕಳ ಓದಿನ ಖರ್ಚು ನೋಡಿಕೊಂಡರು. (ಹೊಲಿಗೆ ಯಂತ್ರದಿಂದಲೇ ಫೀಸು ಕಟ್ಟುವ ಮನೆಗಳು ನಮ್ಮಲ್ಲೂ ಕಡಿಮೆಯಿಲ್ಲ.) ಮುಂದೆ ಅವರು ಹೆರಾತ್ ಮತ್ತು ಬರ್ಲಿನ್‌ನಲ್ಲಿ ಕಂಪ್ಯೂಟರ್ ಓದಿ, ಹೆರಾತ್ ವಿಶ್ವವಿದ್ಯಾಲಯದಲ್ಲೇ ಪಾಠ ಮಾಡಿದರು.

ಆ ಶಾಲೆಯಲ್ಲಿ ತಯಾರಾದ ಒಂದು ಮೊಬೈಲ್ ಆಟ ‘ಫೈಟ್ ಅಗೇನ್ಸ್ಟ್ ಓಪಿಯಂ’. ಸೈನಿಕನೊಬ್ಬ ಅಪಾಯಗಳನ್ನು ದಾಟುತ್ತ ಅಫೀಮಿನ ಹೊಲಗಳನ್ನು ನಾಶ ಮಾಡಬೇಕು. ಇಂಥ ಆಟಗಳ ಒಳಗೆ ಇರುವುದು ನಾವು ಪಿಯುಸಿಯಲ್ಲಿ ಕಲಿಯುವ ಸಂಗತಿಗಳೇ. ಸೈನಿಕ ನಿಂತ ಜಾಗ ಒಂದು ವೇರಿಯೇಬಲ್, ಉಳಿದ ಜೀವಗಳು ಇನ್ನೊಂದು. ಅಡೆತಡೆ ತಗಲಿದರೆ ಒಂದು ಜೀವ ಕಡಿಮೆ, ಇದು ‘ಇಫ್’. ಜೀವ ಸೊನ್ನೆಗಿಂತ ಹೆಚ್ಚಿರುವವರೆಗೆ ಇದೆಲ್ಲ ಮತ್ತೆ ಮತ್ತೆ ನಡೆಯಬೇಕು, ಇದು ‘ವೈಲ್’ ಲೂಪ್. ಜೀವ ಕಳೆಯುವ ಆ ಒಂದು ಸಾಲನ್ನು ಬಿಟ್ಟರೆ ಲೂಪ್ ನಿಲ್ಲುವುದೇ ಇಲ್ಲ. ಇನ್‌ಫೈನೈಟ್ ಲೂಪ್‌ನ ವ್ಯಾಖ್ಯೆಯನ್ನು ಬಾಯಿಪಾಠ ಮಾಡುವುದಕ್ಕಿಂತ ಹೀಗೆ ಯೋಚಿಸಿದರೆ ಬೇಗ ತಲೆಗೆ ಹೋಗುತ್ತದೆ.

ಕಲಿತವರು ಮನೆಯಿಂದಲೇ ಹೊರದೇಶದ ಕೆಲಸ ಮಾಡಬಹುದು. ಆದರೆ ಸಂಬಳ ಕೈಗೆ ಬರುವುದು ಹೇಗೆ? ಅಲ್ಲಿ ಹೆಚ್ಚಿನ ಹೆಂಗಸರಿಗೆ ಬ್ಯಾಂಕ್ ಖಾತೆಯೇ ಇಲ್ಲ. ಅದಕ್ಕೆ ಫೆರೆಶ್ತೆ ಬಿಟ್‌ಕಾಯಿನ್ ದಾರಿ ಹಿಡಿದರು. ಬೆಲೆ ಹೀಗೆ ಏರಿಳಿಯುವ ಹಣ ನನಗಂತೂ ಹಿಡಿಸುವುದಿಲ್ಲ. ಆದರೂ ದುಡಿದವಳ ಫೋನಿಗೇ ದುಡ್ಡು ಬರುತ್ತದೆ ಎಂಬುದು ಸಣ್ಣ ಮಾತಲ್ಲ.

2021ರ ಆಗಸ್ಟ್‌ನಲ್ಲಿ ತಾಲಿಬಾನ್ ಬಂದಾಗ ಶಾಲೆಯ ಬಾಗಿಲು ಮುಚ್ಚಿತು. ಹುಡುಗಿಯರಿಗೆ 6ನೇ ತರಗತಿಯ ನಂತರ ಓದಿಲ್ಲ ಎಂದಾಯಿತು; 2022ರ ಡಿಸೆಂಬರ್‌ನಲ್ಲಿ ವಿಶ್ವವಿದ್ಯಾಲಯಗಳೂ ಮುಚ್ಚಿದವು. ಈ ನಿಷೇಧ ಶರೀಅತ್‌ಗೆ ವಿರುದ್ಧ ಎಂದು ಈಜಿಪ್ಟಿನ ಅಲ್-ಅಝ್ಹರ್‌ನ ಮುಖ್ಯ ಇಮಾಮರು ಆಗಲೇ ಹೇಳಿದರು. ಕೋಡಿಂಗ್ ಪಾಠಗಳು ಮಾತ್ರ ಆನ್‌ಲೈನ್‌ನಲ್ಲಿ ಮುಂದುವರಿದವು.

ನಮಗೆ ಅಂಥ ನಿಷೇಧವಿಲ್ಲ. ಆದರೆ ಮನೆಗೆ ಒಂದೇ ಫೋನ್, ಅದೂ ಅಣ್ಣನ ಕೈಯಲ್ಲಿ ಎಂಬ ಸ್ಥಿತಿ ನನ್ನ ತರಗತಿಯಲ್ಲೇ ಹಲವರದ್ದು. ಲ್ಯಾಬ್‌ನಲ್ಲೂ ಮೂವರು ಕೂತರೆ ಕೀಬೋರ್ಡ್ ಒಬ್ಬಳ ಮುಂದೆಯೇ ಉಳಿಯುತ್ತದೆ. ಆದ್ದರಿಂದ ನಾವೀಗ ಹತ್ತು ನಿಮಿಷಕ್ಕೊಮ್ಮೆ ಜಾಗ ಬದಲಿಸುತ್ತೇವೆ. ಒಬ್ಬಳು ಟೈಪ್ ಮಾಡುತ್ತಾಳೆ, ಇನ್ನೊಬ್ಬಳು ಸಾಲು ಓದಿ ಹೇಳುತ್ತಾಳೆ, ಮೂರನೆಯವಳು ಪ್ರತಿ ಸುತ್ತಿನಲ್ಲಿ ವೇರಿಯೇಬಲ್ ಎಷ್ಟಾಯಿತು ಎಂದು ನೋಟ್‌ಬುಕ್‌ನಲ್ಲಿ ಬರೆಯುತ್ತಾಳೆ. ಈ ಡ್ರೈ ರನ್‌ಗೆ ಕಂಪ್ಯೂಟರ್ ಬೇಡ, ಮನೆಯಲ್ಲೂ ಮಾಡಬಹುದು.

ನೀವೂ ಮಾಡಿ ನೋಡಿ: ಆಟದಲ್ಲಿ 3 ಜೀವ, ಪ್ರತಿ ಎರಡನೇ ಸುತ್ತಿಗೆ ಒಂದು ಪೆಟ್ಟು. ಲೂಪ್ ಎಷ್ಟು ಸುತ್ತಿಗೆ ನಿಲ್ಲುತ್ತದೆ? ಮೊದಲು ಕಾಗದದಲ್ಲಿ ಬರೆದು, ಆಮೇಲೆ ಲ್ಯಾಬ್‌ನಲ್ಲಿ ತಾಳೆ ನೋಡಿ.