ಹಳೆಯ ಕೈಗರಗಸ: ಕೊಳ್ಳುವ ಮುನ್ನ ಪರೀಕ್ಷಿಸುವ ಬಗೆ

ಕಾರವಾರ ಮತ್ತು ಅಂಕೋಲಾ ತಾಲೂಕುಗಳ ರೈತರಿಗೆ ಮಳೆಗಾಲದ ಮೊದಲು ಸಣ್ಣಪುಟ್ಟ ಮರಗೆಲಸ ತಪ್ಪಿದ್ದಲ್ಲ. ಬೇಲಿಯ ಗೂಟ, ತೋಟದ ದಣಪೆ, ಕೊಟ್ಟಿಗೆಯ ಪಕಾಸು, ಬಾಗಿಲಿನ ಪಟ್ಟಿ ಹೀಗೆ ಒಂದಲ್ಲ ಒಂದು ದುರಸ್ತಿ ಇದ್ದೇ ಇರುತ್ತದೆ. ಪ್ರತಿ ಕೆಲಸಕ್ಕೂ ಆಚಾರಿಯನ್ನು ಕರೆಯುವುದು ಖರ್ಚಿನ ಬಾಬು. ಕರೆದರೂ ಮೇ ತಿಂಗಳಲ್ಲಿ ಅವರು ಸಿಗುವುದು ಕಷ್ಟ. ಮನೆಯಲ್ಲಿ ಒಂದು ಒಳ್ಳೆಯ ಕೈಗರಗಸವಿದ್ದರೆ ಇಂತಹ ಅರ್ಧಕ್ಕರ್ಧ ಕೆಲಸಗಳನ್ನು ರೈತರೇ ಮಾಡಿಕೊಳ್ಳಬಹುದು.

ಇಂದು ಅಂಗಡಿಗಳಲ್ಲಿ ಸಿಗುವ ಅಗ್ಗದ ಗರಗಸಗಳಲ್ಲಿ ಹಲವಕ್ಕೆ ಹಲ್ಲಿನ ತುದಿಯನ್ನಷ್ಟೇ ಕಾಯಿಸಿ ಗಡುಸು ಮಾಡಿರುತ್ತಾರೆ. ಇವು ಕೆಲಕಾಲ ಚೆನ್ನಾಗಿ ಕೊಯ್ಯುತ್ತವೆ. ಆದರೆ ಒಮ್ಮೆ ಮೊಂಡಾದರೆ ಅರದಿಂದ ಮಸೆಯಲು ಬರುವುದಿಲ್ಲ, ಎಸೆಯಬೇಕಾಗುತ್ತದೆ. ಹಿಂದಿನ ಕಾಲದ ಗರಗಸ ಹಾಗಲ್ಲ. ಅದನ್ನು ಮತ್ತೆ ಮತ್ತೆ ಮಸೆದು ಎರಡು ತಲೆಮಾರು ಬಳಸಬಹುದು. ಆಚಾರಿಗಳ ಕೈಗೆ ವಿದ್ಯುತ್ ಯಂತ್ರ ಬಂದ ಮೇಲೆ, ಕರಾವಳಿಯಲ್ಲಿ ಮರದ ದೋಣಿಗಳ ಜಾಗಕ್ಕೆ ಫೈಬರ್ ದೋಣಿಗಳು ಬಂದ ಮೇಲೆ, ಇಂತಹ ಗರಗಸಗಳು ಅಟ್ಟ ಸೇರಿವೆ. ಅಲ್ಲಿಂದ ಗುಜರಿ ಅಂಗಡಿಗೆ ಹೋದರೆ ಕಬ್ಬಿಣದ ತೂಕಕ್ಕೆ ಮಾರಾಟವಾಗಿ ಕರಗುತ್ತವೆ. ಆದ್ದರಿಂದ ಒಳ್ಳೆಯ ಗರಗಸವನ್ನು ಗುರುತಿಸಲು ಕಲಿತವರಿಗೆ ಕಡಿಮೆ ಹಣದಲ್ಲಿ ಬಾಳಿಕೆಯ ಸಲಕರಣೆ ದೊರೆಯುತ್ತದೆ.

ಮುಖ್ಯ ಸೂತ್ರ

ಕೊಳ್ಳುವವರು ಸಾಮಾನ್ಯವಾಗಿ ಮೊದಲು ಹಲ್ಲಿನ ಹರಿತವನ್ನೂ ಅಲಗಿನ ಹೊಳಪನ್ನೂ ನೋಡುತ್ತಾರೆ. ಇದು ಸರಿಯಾದ ಕ್ರಮವಲ್ಲ. ಮೊಂಡು ಹಲ್ಲನ್ನು ಮಸೆಯಬಹುದು, ಮುರಿದ ಹಿಡಿಯನ್ನು ಬದಲಿಸಬಹುದು. ಆದರೆ ಮಡಿಕೆ ಬಿದ್ದ ಅಥವಾ ತುಕ್ಕು ತಿಂದ ಅಲಗನ್ನು ಮನೆಯಲ್ಲಿ ಸರಿಪಡಿಸಲಾಗದು. ಆದ್ದರಿಂದ ಮೊದಲು ಅಲಗು, ನಂತರ ಹಲ್ಲು, ಕೊನೆಗೆ ಹಿಡಿ ಎಂಬ ಕ್ರಮದಲ್ಲಿ ಪರೀಕ್ಷಿಸಬೇಕು.

ಅಲಗಿನ ಪರೀಕ್ಷೆ

1. ನೇರ: ಗರಗಸದ ಹಲ್ಲನ್ನು ಮೇಲೆ ಮಾಡಿ, ಹಿಡಿಯ ಬದಿಯಿಂದ ಒಂದು ಕಣ್ಣು ಮುಚ್ಚಿ ತುದಿಯವರೆಗೆ ನೋಡಬೇಕು. ಹಲ್ಲಿನ ಸಾಲು ದಾರ ಎಳೆದಂತೆ ನೇರವಾಗಿರಬೇಕು. ಇಡೀ ಅಲಗು ಸ್ವಲ್ಪ ಬಿಲ್ಲಿನಂತೆ ಬಾಗಿದ್ದರೆ ಅನುಭವಿ ಆಚಾರಿ ಅದನ್ನು ತಿದ್ದಬಲ್ಲರು. ಆದರೆ ಒಂದೇ ಜಾಗದಲ್ಲಿ ಮುರಿದಂತೆ ಮಡಿಕೆ ಬಿದ್ದಿದ್ದರೆ ಕೊಳ್ಳಬಾರದು. ಅಂತಹ ಗರಗಸ ಪ್ರತಿ ಸಲವೂ ಮರದೊಳಗೆ ಸಿಕ್ಕಿಕೊಳ್ಳುತ್ತದೆ.

2. ಪುಟಿತ: ಅಲಗಿನ ತುದಿಯನ್ನು ಮೆಲ್ಲಗೆ ಬಾಗಿಸಿ ಬಿಡಬೇಕು. ಒಳ್ಳೆಯ ಉಕ್ಕು ಮೊದಲಿನ ಸ್ಥಿತಿಗೇ ನೇರವಾಗಿ ಮರಳುತ್ತದೆ. ಬಾಗಿದಂತೆಯೇ ಉಳಿದರೆ ಅದು ಮೆತ್ತನೆಯ ತಗಡು.

3. ತುಕ್ಕು: ಈ ಭಾಗದಲ್ಲಿ ಇದೇ ದೊಡ್ಡ ಶತ್ರು. ವರ್ಷಕ್ಕೆ ಸುಮಾರು 3,000 ಮಿ.ಮೀ. ಮಳೆ, ಜೊತೆಗೆ ಸಮುದ್ರದ ಉಪ್ಪುಗಾಳಿ. ಮೇಲ್ಮೈಯ ಕೆಂಪು ತುಕ್ಕಿಗೆ ಹೆದರಬೇಕಾಗಿಲ್ಲ, ಅದು ಉಜ್ಜಿದರೆ ಹೋಗುತ್ತದೆ. ಉಗುರಿನಿಂದ ಸವರಿದಾಗ ಗುಳಿಗಳು ಸಿಕ್ಕಿದರೆ ಎಚ್ಚರಿಕೆ ಅಗತ್ಯ. ಗುಳಿಗಳು ಬೆನ್ನಿನ ಕಡೆ ಇದ್ದರೆ ಕೆಲಸಕ್ಕೆ ಅಡ್ಡಿಯಿಲ್ಲ. ಹಲ್ಲಿನ ಸಾಲಿನ ಹತ್ತಿರ ಇದ್ದರೆ ಬಿಟ್ಟುಬಿಡಬೇಕು. ಅಂತಹ ಹಲ್ಲುಗಳು ಮಸೆಯುವಾಗಲೇ ಮುರಿಯುತ್ತವೆ.

4. ಅಗಲ: ಪ್ರತಿ ಸಲ ಮಸೆದಾಗಲೂ ಅಲಗು ಸ್ವಲ್ಪ ಸ್ವಲ್ಪ ಸವೆಯುತ್ತದೆ. ತುದಿಯ ಕಡೆ ತೀರಾ ಕಿರಿದಾಗಿದ್ದರೆ ಆ ಗರಗಸದ ಆಯುಸ್ಸು ಮುಗಿಯುತ್ತ ಬಂದಿದೆ ಎಂದು ತಿಳಿಯಬೇಕು.

ಅಲಗಿನ ಮೇಲೆ ಕೆಲವೊಮ್ಮೆ ತಯಾರಕರ ಮುದ್ರೆ ಇರುತ್ತದೆ. ಇಂಗ್ಲೆಂಡಿನ ಶೆಫೀಲ್ಡ್, ಅಮೆರಿಕದ ಫಿಲಡೆಲ್ಫಿಯಾದ ಡಿಸ್ಟನ್ ಮುಂತಾದವು ಹಿಂದೆ ಹೆಸರುವಾಸಿಯಾಗಿದ್ದವು. ಡಿಸ್ಟನ್ ಕಾರ್ಖಾನೆ ಆರಂಭವಾದದ್ದು 1840ರಲ್ಲಿ. ‘ಕಾಸ್ಟ್ ಸ್ಟೀಲ್’ ಎಂಬ ಹಳೆಯ ಮುದ್ರೆ ಕಂಡರೆ ಅದನ್ನು ಬೀಡುಕಬ್ಬಿಣವೆಂದು ಭಾವಿಸಬಾರದು. ಅದು ಮೂಸೆಯಲ್ಲಿ ಕರಗಿಸಿ ಮಾಡಿದ ಉಕ್ಕಿನ ಗುರುತು. ಆದರೂ ಹೆಸರು ನೋಡಿ ಮಡಿಕೆ ಬಿದ್ದ ಗರಗಸ ಕೊಳ್ಳುವುದಕ್ಕಿಂತ ಹೆಸರಿಲ್ಲದ ನೇರ ಗರಗಸ ಕೊಳ್ಳುವುದು ಲೇಸು.

ಹಲ್ಲಿನ ಪರೀಕ್ಷೆ

ಗರಗಸದಲ್ಲಿ ಎರಡು ಜಾತಿ. ಹಲಗೆಯನ್ನು ಉದ್ದಕ್ಕೆ ಸೀಳುವ ಗರಗಸದ ಹಲ್ಲು ಉಳಿಯ ಬಾಯಿಯಂತೆ ಇರುತ್ತದೆ. ಅದಕ್ಕೆ ಒಂದು ಅಂಗುಲಕ್ಕೆ ಸುಮಾರು 4ರಿಂದ 7 ಹಲ್ಲುಗಳು. ಅಡ್ಡ ಕೊಯ್ಯುವ ಗರಗಸದ ಹಲ್ಲು ಚೂರಿಯ ಮೊನೆಯಂತೆ ಓರೆಯಾಗಿ ಮಸೆದಿರುತ್ತದೆ. ಅದಕ್ಕೆ ಅಂಗುಲಕ್ಕೆ ಸುಮಾರು 7ರಿಂದ 12 ಹಲ್ಲುಗಳು. ಗೂಟ, ಪಕಾಸು ತುಂಡರಿಸುವುದೇ ಹೆಚ್ಚಾಗಿರುವ ರೈತರು ಮೊದಲು ಅಂಗುಲಕ್ಕೆ 7 ಅಥವಾ 8 ಹಲ್ಲಿನ, 22ರಿಂದ 26 ಅಂಗುಲ ಉದ್ದದ ಅಡ್ಡ ಗರಗಸವನ್ನು ಆರಿಸಿಕೊಳ್ಳುವುದು ಸೂಕ್ತ.

ಹಲ್ಲುಗಳು ಯಾವ ದಿಕ್ಕಿಗೆ ಮುಖ ಮಾಡಿವೆ ಎಂಬುದನ್ನೂ ನೋಡಬೇಕು. ನೆಲದ ಮೇಲೆ ಕುಳಿತು ಕಾಲಿನಿಂದ ಮರವನ್ನು ಒತ್ತಿ ಹಿಡಿದು ಕೆಲಸ ಮಾಡುತ್ತಿದ್ದ ಹಿಂದಿನ ಆಚಾರಿಗಳ ಕೆಲವು ಗರಗಸಗಳು ಎಳೆಯುವಾಗ ಕೊಯ್ಯುತ್ತವೆ. ಅವುಗಳ ಹಲ್ಲು ಹಿಡಿಯ ಕಡೆಗೆ ವಾಲಿರುತ್ತದೆ. ಇದು ದೋಷವಲ್ಲ. ಆದರೆ ತಳ್ಳಿ ಕೊಯ್ದು ಅಭ್ಯಾಸವಿದ್ದವರಿಗೆ ಕೈಗೆ ಒಗ್ಗಲು ಸಮಯ ಬೇಕು.

ಒಂದೆರಡು ಹಲ್ಲು ಮುರಿದಿದ್ದರೆ ಚಿಂತೆಯಿಲ್ಲ. ನಾಲ್ಕಾರು ಹಲ್ಲು ಒಂದೇ ಕಡೆ ಹೋಗಿದ್ದರೆ ಕೊಳ್ಳಬಾರದು. ಹಲ್ಲಿನ ತುದಿ ನೀಲಿ ಅಥವಾ ಕಪ್ಪು ಬಣ್ಣಕ್ಕೆ ತಿರುಗಿ, ಅರ ತಾಗಿಸಿದರೆ ಜಾರುತ್ತಿದ್ದರೆ ಅದು ಗಡುಸು ಹಲ್ಲು. ಬಳಸಿದ ಗಡುಸು ಹಲ್ಲಿನ ಗರಗಸವನ್ನು ಎಷ್ಟು ಅಗ್ಗವಾದರೂ ಬಿಡಬೇಕು.

ಹಿಡಿಯ ಪರೀಕ್ಷೆ

ಮರದ ಹಿಡಿ, ಬಿಚ್ಚಬಹುದಾದ ಹಿತ್ತಾಳೆಯ ಸ್ಕ್ರೂ ಇರುವ ಗರಗಸ ಉತ್ತಮ. ಹಿಡಿ ಸಡಿಲವಾಗಿದ್ದರೆ ಸ್ಕ್ರೂ ಬಿಗಿಮಾಡಿ ನೋಡಬೇಕು. ಸೀಳಿದ್ದರೆ ಒಣಗಿದ ಹಲಸಿನ ಅಥವಾ ಸಾಗುವಾನಿಯ ಹಲಗೆಯಲ್ಲಿ ಹೊಸ ಹಿಡಿ ಮಾಡಿಸಬಹುದು. ಮೂರು ಬೆರಳು ಹಿಡಿಯೊಳಗೆ ಕುಳಿತು, ತೋರುಬೆರಳು ಅಲಗಿನ ದಿಕ್ಕಿಗೆ ಚಾಚುವಂತಿರಬೇಕು.

ಕೊಯ್ದು ನೋಡುವುದು

ರವಿವಾರ ಕಾರವಾರದ ಸಂತೆಗೆ ಬಂದವರು ಗುಜರಿ ಅಂಗಡಿಗೂ ಒಮ್ಮೆ ಇಣುಕಬಹುದು. ಹೋಗುವಾಗ ಚೀಲದಲ್ಲಿ ಒಂದು ಒಣ ರೀಪು, ಒಂದು ಪೆನ್ಸಿಲ್ ಇರಲಿ. ರೀಪಿನ ಮೇಲೆ ಗೆರೆ ಎಳೆದು ಕೊಯ್ದು ನೋಡಬೇಕು. ಗರಗಸ ಗೆರೆ ಬಿಟ್ಟು ಒಂದೇ ಪಕ್ಕಕ್ಕೆ ಎಳೆದರೆ ಆ ಪಕ್ಕದ ಹಲ್ಲುಗಳು ಹೆಚ್ಚು ಹೊರಬಾಗಿರುವ ಸಂಭವ ಹೆಚ್ಚು. ಇದನ್ನು ಸರಿಪಡಿಸಬಹುದು. ಅರದ ಬೆಲೆ, ಹಿಡಿಯ ಖರ್ಚು, ಆಚಾರಿಯ ಕೂಲಿ ಎಲ್ಲ ಸೇರಿ ಒಳ್ಳೆಯ ಹೊಸ ಗರಗಸದ ಬೆಲೆಯನ್ನು ಮೀರುವಂತಿದ್ದರೆ ವ್ಯಾಪಾರ ಲಾಭದಾಯಕವಲ್ಲ.

ತಂದ ಮೇಲೆ ಸಿದ್ಧಪಡಿಸುವುದು

* ಹಿಡಿ ಬಿಚ್ಚಿ, ಅಲಗಿಗೆ ಎಣ್ಣೆ ಹಚ್ಚಿ, ಎಮೆರಿ ಕಾಗದದಿಂದ ಉದ್ದಕ್ಕೆ ಉಜ್ಜಬೇಕು. ಹುಣಸೆಹುಳಿ ಹಚ್ಚಿದರೆ ತುಕ್ಕು ಸಡಿಲವಾಗುತ್ತದೆ. ಆದರೆ ರಾತ್ರಿಯಿಡೀ ಬಿಡಬಾರದು. ಕೂಡಲೇ ತೊಳೆದು, ಒರೆಸಿ, ಒಣಗಿಸಿ ಎಣ್ಣೆ ಸವರಬೇಕು.
* ಅಲಗನ್ನು ಎರಡು ಹಲಗೆಗಳ ನಡುವೆ ಬಿಗಿದು, ಚಪ್ಪಟೆ ಅರವನ್ನು ಹಲ್ಲಿನ ತುದಿಗಳ ಮೇಲೆ ಉದ್ದಕ್ಕೆ ಹಾಯಿಸಬೇಕು. ಪ್ರತಿ ಹಲ್ಲಿನ ತುದಿಯಲ್ಲೂ ಸಣ್ಣ ಹೊಳಪು ಕಂಡರೆ ಎಲ್ಲವೂ ಸಮ ಎತ್ತರಕ್ಕೆ ಬಂದಂತೆ.
* ಹಲ್ಲುಗಳನ್ನು ಒಂದು ಎಡಕ್ಕೆ, ಒಂದು ಬಲಕ್ಕೆ ಬಾಗಿಸಬೇಕು. ಆಚಾರಿಗಳು ಇದನ್ನು ‘ಸೆಟ್’ ಎನ್ನುತ್ತಾರೆ. ಹಲ್ಲಿನ ಮೇಲಿನ ಅರ್ಧ ಮಾತ್ರ ಬಾಗಬೇಕು. ಬುಡದಿಂದ ಬಾಗಿಸಿದರೆ ಮುರಿಯುತ್ತದೆ. ಮೊದಲ ಸಲ ಇದನ್ನು ಆಚಾರಿಯಿಂದ ಮಾಡಿಸಿ ನೋಡಿ ಕಲಿಯುವುದು ಒಳ್ಳೆಯದು.
* ಮುಮ್ಮೂಲೆ ಅರದಿಂದ ಒಂದು ಬಿಟ್ಟು ಒಂದು ಸಂದನ್ನು ಮಸೆದು, ಗರಗಸ ತಿರುಗಿಸಿ ಉಳಿದವನ್ನು ಮಸೆಯಬೇಕು. ಸೀಳು ಗರಗಸಕ್ಕೆ ಅರ ಅಲಗಿಗೆ ಅಡ್ಡವಾಗಿ ನೇರವಾಗಿರಬೇಕು, ಅಡ್ಡ ಗರಗಸಕ್ಕೆ ಓರೆಯಾಗಿರಬೇಕು. ತುದಿಯ ಹೊಳಪು ಮಾಯವಾದ ಕೂಡಲೇ ನಿಲ್ಲಿಸಬೇಕು.
* ಸಾಣೆ ಯಂತ್ರಕ್ಕೆ ಹಲ್ಲು ಹಿಡಿಯಬಾರದು. ಕಾವಿಗೆ ಉಕ್ಕಿನ ಹದ ಕೆಡುತ್ತದೆ.

ಬಳಕೆ ಮತ್ತು ಕಾಪು

ಮರಗೆಲಸದ ಗರಗಸದಿಂದ ಹಸಿ ಕೊಂಬೆ ಕತ್ತರಿಸಬಾರದು. ಅಂಕೋಲೆಯ ಕರಿ ಇಶಾಡ ಮಾವಿಗೆ 2023ರಲ್ಲಿ ಭೌಗೋಳಿಕ ಸೂಚಿಕೆ ದೊರೆತಿದೆ. ಅಂತಹ ಮಾವಿನ ಮರಗಳ ಕೊಂಬೆ ಸವರಲು ಬೇರೆಯೇ ಗರಗಸವಿರಲಿ. ಹಸಿ ಮರದಲ್ಲಿ ಸಣ್ಣ ಹಲ್ಲು ಸಿಕ್ಕಿಕೊಳ್ಳುತ್ತದೆ, ಸೊನೆ ಅಂಟಿ ಅಲಗು ಕಪ್ಪಾಗುತ್ತದೆ. ಹಸಿ ಹಲಸಿನ ಮೇಣವೂ ಹಾಗೆಯೇ ಅಂಟುತ್ತದೆ. ಬಲಿತ ತೆಂಗಿನ ಮರದ ಹೊರಭಾಗ ಬಲು ಗಟ್ಟಿ. ಹಲ್ಲನ್ನು ಬೇಗ ಮೊಂಡು ಮಾಡುವುದರಿಂದ ಅದನ್ನು ಕೊಯ್ದ ನಂತರ ಮಸೆಯಬೇಕಾಗುತ್ತದೆ. ಕೊಯ್ಯುವಾಗ ಅಲಗಿನ ಎರಡೂ ಬದಿಗೆ ಮೇಣದಬತ್ತಿ ಉಜ್ಜಿದರೆ ಗರಗಸ ಹಗುರವಾಗಿ ಓಡುತ್ತದೆ.

ಕೆಲಸ ಮುಗಿದೊಡನೆ ಪುಡಿ ಒರೆಸಿ ಯಂತ್ರದ ಎಣ್ಣೆ ಸವರಬೇಕು. ಮಳೆಗಾಲದಲ್ಲಿ ಚಿರೆಕಲ್ಲಿನ ಗೋಡೆಗೆ ತೂಗುಹಾಕಬಾರದು, ಗೋಡೆಯ ತೇವ ಅಲಗಿಗೆ ಇಳಿಯುತ್ತದೆ. ಎಣ್ಣೆಯ ಬಟ್ಟೆಯಲ್ಲಿ ಸುತ್ತಿ ಬೆಚ್ಚಗಿನ ಅಟ್ಟದಲ್ಲಿಟ್ಟು, ತಿಂಗಳಿಗೊಮ್ಮೆ ಬಿಚ್ಚಿ ನೋಡಬೇಕು.

ಹೊರಗೆ ಹುಡುಕುವ ಮೊದಲು ರೈತರು ತಮ್ಮ ಅಟ್ಟವನ್ನೇ ಒಮ್ಮೆ ನೋಡುವುದು ಒಳಿತು. ಅಜ್ಜನ ಕಾಲದ ಗರಗಸ ಅಲ್ಲಿದ್ದರೆ, ಗುಜರಿಯವರಿಗೆ ತೂಕಕ್ಕೆ ಕೊಡುವ ಮುನ್ನ ಒಂದು ಕಣ್ಣು ಮುಚ್ಚಿ ಅದರ ಹಲ್ಲಿನ ಸಾಲನ್ನು ನೋಡಲಿ. ಸಾಲು ನೇರವಾಗಿದ್ದರೆ ಬೇಕಾಗಿರುವುದು ಒಂದು ಅರ ಮತ್ತು ಒಂದು ಮಧ್ಯಾಹ್ನದ ದುಡಿಮೆ ಮಾತ್ರ.