ಪಾಯಿಂಟ್ 22 ರೈಫಲ್ ಆರಿಸುವ ಬಗೆ: ಗುರಿ ಹಲಗೆಗೆ ಬೇಕು, ಮೊಲಕ್ಕೆ ಬೇಡ

ಮುಂಗಾರಿನ ಅಲಸಂದೆ, ಹೆಸರು ಮೊಳೆತು ಎರಡು ಎಲೆ ಬಿಡುವ ಹೊತ್ತಿಗೆ ಅರಸೀಕೆರೆ ಸೀಮೆಯ ಕುರುಚಲು ಅಂಚಿನ ಹೊಲಗಳಿಗೆ ಮೊಲ ಬರುವುದುಂಟು. ರಾತ್ರಿ ಬಂದು ಸಾಲು ಹಿಡಿದು ಎಳೆ ಸಸಿಗಳನ್ನು ಕತ್ತರಿಸಿ ಹೋಗುತ್ತದೆ. ಇಂಥ ಸಮಯದಲ್ಲಿ ‘ಒಂದು ಪಾಯಿಂಟ್ 22 ರೈಫಲ್ ಕೊಂಡರೆ ಗುರಿ ಅಭ್ಯಾಸವೂ ಆದೀತು, ಮೊಲಕ್ಕೂ ಆದೀತು’ ಎಂಬ ಯೋಚನೆ ಕೆಲವರಿಗೆ ಬರುವುದು ಸಹಜ. ಹೊರದೇಶದ ಪುಸ್ತಕಗಳಲ್ಲಿ ಈ ಎರಡೂ ಕೆಲಸಗಳನ್ನು ಒಂದೇ ಕೋವಿಗೆ ಹೊಂದಿಸಿ ಬರೆದಿರುತ್ತಾರೆ. ಆಸ್ಟ್ರೇಲಿಯದಲ್ಲಿ 1859ರಲ್ಲಿ ಬೇಟೆಯ ಶೋಕಿಗಾಗಿ ತಂದು ಬಿಟ್ಟ ಮೊಲಗಳು ದೇಶವನ್ನೆಲ್ಲ ಮೇಯತೊಡಗಿದವು. ಅಲ್ಲಿ ಅವು ಪೀಡೆ, ಅಲ್ಲಿನ ರೈತ ಅವನ್ನು ಹೊಡೆಯಬಹುದು. ಆ ಪುಸ್ತಕದ ಸಲಹೆಯನ್ನು ಹಾಸನ ಜಿಲ್ಲೆಗೆ ತಂದರೆ ರೈತ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಗುತ್ತದೆ.

ನಮ್ಮ ಹೊಲದ ಮೊಲ ಇದೇ ನೆಲದ ಪ್ರಾಣಿ, ಕಪ್ಪು ಕತ್ತಿನ ಕಾಡುಮೊಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದಕ್ಕಿದೆ. ಆ ಕಾಯ್ದೆಯಲ್ಲಿ ಮೊದಲು ಸಣ್ಣ ಬೇಟೆಗೆ ಲೈಸೆನ್ಸ್ ಕೊಡುವ ಅವಕಾಶವಿತ್ತು. ‘ನಮ್ಮ ಕಾಲದಲ್ಲಿ ಪರವಾನಗಿ ಸಿಗುತ್ತಿತ್ತು’ ಎಂದು ಹಿರಿಯರು ಹೇಳಿದರೆ ಅದು ಸುಳ್ಳಲ್ಲ. 1991ರ ತಿದ್ದುಪಡಿಯಿಂದ ಆ ಬಾಗಿಲು ಮುಚ್ಚಿತು. ಸ್ವಂತ ಹೊಲ, ಸ್ವಂತ ಕೋವಿ, ಲೈಸೆನ್ಸ್ ಎಲ್ಲ ಸರಿಯಿದ್ದರೂ ಮೊಲ ಹೊಡೆಯುವುದು ಅಪರಾಧವೇ. ಕೊಲ್ಲುವುದಷ್ಟೇ ಅಲ್ಲ, ಉರುಲು ಒಡ್ಡುವುದು, ಬಲೆ ಹಾಕುವುದು, ಸೋವಿ ಓಡಿಸುವುದು ಇವೆಲ್ಲ ಕಾಯ್ದೆಯ ಅರ್ಥದಲ್ಲಿ ಬೇಟೆಯೇ ಆಗುತ್ತವೆ. ಯುಗಾದಿಯ ಮರುದಿನ ನಾಯಿ, ಬಲೆ ಹಿಡಿದು ಹೊರಡುವ ರೂಢಿಗೂ ವಿನಾಯಿತಿ ಇಲ್ಲ. 2022ರ ತಿದ್ದುಪಡಿಯ ನಂತರ ಸಾಮಾನ್ಯ ಅಪರಾಧಗಳಿಗೆ ಮೂರು ವರ್ಷಗಳವರೆಗೆ ಸಜೆ, ಒಂದು ಲಕ್ಷ ರೂಪಾಯಿಗಳವರೆಗೆ ದಂಡ ಇದೆ. ಇದಲ್ಲದೆ, ಬಳಸಿದ ಕೋವಿಯ ಲೈಸೆನ್ಸ್ ರದ್ದು ಮಾಡಿ ಐದು ವರ್ಷ ಬೇರೆ ಲೈಸೆನ್ಸ್ ಸಿಗದಂತೆ ನ್ಯಾಯಾಲಯ ಆದೇಶಿಸಬಹುದು. ಹಂದಿಯ ಕಾಟಕ್ಕೆಂದು ತಾತನ ಕಾಲದಿಂದ ಕೋವಿ ಇಟ್ಟುಕೊಂಡ ಮನೆಗೆ ಒಂದು ಮೊಲದ ಬೆಲೆ ಇಷ್ಟಾಗುತ್ತದೆ.

ಹಾಗಾದರೆ ಪಾಯಿಂಟ್ 22 ರೈಫಲ್‌ಗೆ ಕೆಲಸವೇ ಇಲ್ಲವೆ? ಇದೆ. ಗುರಿಗಾರಿಕೆ ಒಳ್ಳೆಯ ಕ್ರೀಡೆ, ಹಳ್ಳಿಯ ಮಕ್ಕಳಿಗೂ ಒಗ್ಗುವಂಥದು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 50 ಮೀಟರ್ ಮೂರು ಭಂಗಿಗಳ ರೈಫಲ್ ಸ್ಪರ್ಧೆಯಲ್ಲಿ ಕಂಚಿನ ಪದಕ ಗೆದ್ದ ಸ್ವಪ್ನಿಲ್ ಕುಸಾಳೆ ನಮ್ಮ ಗಡಿಯಾಚೆಯ ಕೊಲ್ಲಾಪುರ ಜಿಲ್ಲೆಯ ಹಳ್ಳಿಯವರು. ಆ ಸ್ಪರ್ಧೆ ನಡೆಯುವುದು ಇದೇ ಪಾಯಿಂಟ್ 22 ರೈಫಲ್‌ನಲ್ಲಿ.

ರಿಮ್ ಫೈರ್ ಎಂದರೇನು?

ಹನ್ನೆರಡು ಬೋರ್ ತೋಟಾದ ತಳವನ್ನು ನೋಡಿದವರಿಗೆ ನಡುವೆ ಇರುವ ಸಣ್ಣ ಕ್ಯಾಪು ಗೊತ್ತಿರುತ್ತದೆ. ಸೂಜಿ ಅದಕ್ಕೆ ಬಡಿದಾಗ ಕಿಡಿ ಹುಟ್ಟಿ ಮದ್ದು ಉರಿಯುತ್ತದೆ. ಪಾಯಿಂಟ್ 22 ತೋಟಾದಲ್ಲಿ ಆ ಕ್ಯಾಪು ಇರುವುದಿಲ್ಲ. ಕಿಡಿ ಹುಟ್ಟಿಸುವ ರಾಸಾಯನಿಕ ತಳದ ಅಂಚಿನ ಮಡಿಕೆಯೊಳಗೆ ಸುತ್ತಲೂ ಹರಡಿರುತ್ತದೆ. ಸೂಜಿ ಈ ಅಂಚನ್ನು ಜಜ್ಜಬೇಕು, ಅಂಚಿಗೆ ಇಂಗ್ಲಿಷಿನಲ್ಲಿ ರಿಮ್ ಎನ್ನುವುದರಿಂದ ಈ ಹೆಸರು. ಅಂಚು ಜಜ್ಜಬೇಕಾದರೆ ಹಿತ್ತಾಳೆ ತೆಳುವಾಗಿರಬೇಕು, ತೆಳು ಹಿತ್ತಾಳೆ ಹೆಚ್ಚು ಒತ್ತಡ ತಾಳದು. ಆದುದರಿಂದಲೇ ಈ ತೋಟಾ ಚಿಕ್ಕದು, ಸದ್ದು ಕಡಿಮೆ, ಭುಜಕ್ಕೆ ಒದೆತ ಇಲ್ಲವೆನ್ನುವಷ್ಟು ಕಡಿಮೆ. ಒಮ್ಮೆ ಹಾರಿಸಿದ ತೋಟಾವನ್ನು ಮತ್ತೆ ತುಂಬಲು ಬರುವುದಿಲ್ಲ.

ಈಗ ಎಲ್ಲೆಡೆ ಬಳಕೆಯಲ್ಲಿರುವ ‘ಲಾಂಗ್ ರೈಫಲ್’ ತೋಟಾ 1887ರಲ್ಲಿ ಅಮೆರಿಕದಲ್ಲಿ ಬಂದದ್ದು. ಗುಂಡಿನ ಅಡ್ಡಳತೆ ಸುಮಾರು 5.6 ಮಿ.ಮೀ., ತೂಕ ಸಾಮಾನ್ಯವಾಗಿ 40 ಗ್ರೇನ್, ಅಂದರೆ 2.6 ಗ್ರಾಂ. ಸಾಧಾರಣ ತೋಟಾದಲ್ಲಿ ನಳಿಗೆ ಬಿಡುವಾಗ ಗುಂಡಿನ ವೇಗ ಸೆಕೆಂಡಿಗೆ ಸುಮಾರು 330 ಮೀಟರ್. ಎನ್.ಸಿ.ಸಿ.ಯಲ್ಲಿ ಇದ್ದವರು ಇದೇ ಬೋರಿನ ರೈಫಲನ್ನು ಮಲಗಿ ಹಾರಿಸಿರುತ್ತಾರೆ.

ಲೈಸೆನ್ಸಿನ ಮಾತು

1959ರ ಆಯುಧ ಕಾಯ್ದೆಯ 13ನೆಯ ಕಲಮನ್ನು ಕೋವಿ ಬಯಸುವ ಪ್ರತಿ ರೈತನೂ ತಿಳಿದಿರಬೇಕು. ಬೆಳೆ ರಕ್ಷಣೆಗೆಂದು ಅದು ಹೇಳುವುದು ಮುಂದಿನಿಂದ ಮದ್ದು ತುಂಬುವ ಕೋವಿಯನ್ನು. ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ಒಳಗೆ ಗೀರಿಲ್ಲದ ನಳಿಗೆಯ ಬೇರೆ ಕೋವಿ ಕೊಡಬಹುದು. ಪಾಯಿಂಟ್ 22 ರೈಫಲನ್ನು ಅದೇ ಕಲಮು ಬೇರೆಯಾಗಿ ಹೆಸರಿಸುತ್ತದೆ: ಮಾನ್ಯತೆ ಪಡೆದ ರೈಫಲ್ ಕ್ಲಬ್ಬಿನ ಅಥವಾ ಸಂಘದ ಸದಸ್ಯರ ಗುರಿ ಅಭ್ಯಾಸಕ್ಕೆ. ಬೆಳೆ ಕಾಯುವ ಕೋವಿ ಒಂದು, ಗುರಿ ಅಭ್ಯಾಸದ ರೈಫಲ್ ಇನ್ನೊಂದು ಎಂಬ ವಿಂಗಡಣೆ ಕಾನೂನಿನಲ್ಲೇ ಇದೆ. ಅರ್ಜಿಯಲ್ಲಿ ‘ಬೆಳೆ ರಕ್ಷಣೆಗೆ ಪಾಯಿಂಟ್ 22’ ಎಂದು ಬರೆದು ಕೊಟ್ಟು ಕಚೇರಿಗೆ ಅಲೆಯುವುದು ವ್ಯರ್ಥ ಶ್ರಮ. ಮೊದಲು ಸಂಘದ ಸದಸ್ಯತ್ವ, ಆಮೇಲೆ ಜಿಲ್ಲಾಧಿಕಾರಿಗಳಿಗೆ ಅರ್ಜಿ, ಕೊನೆಗೆ ಅಂಗಡಿ. ಈ ಕ್ರಮ ತಪ್ಪಬಾರದು.

2019ರ ತಿದ್ದುಪಡಿಯಂತೆ ಒಬ್ಬರು ಸಾಮಾನ್ಯವಾಗಿ ಎರಡಕ್ಕಿಂತ ಹೆಚ್ಚು ಕೋವಿ ಇಟ್ಟುಕೊಳ್ಳುವಂತಿಲ್ಲ. ಲೈಸೆನ್ಸಿನ ಅವಧಿ ಮೂರು ವರ್ಷದಿಂದ ಐದಕ್ಕೆ ಏರಿದೆ. ಕೊಡಗಿನವರ ಉದಾಹರಣೆ ಕೊಡುವವರೂ ಇದ್ದಾರೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿ ಅವರಿಗೆ ಮಾತ್ರ, ಅದೂ ಕೋವಿ ಇಟ್ಟುಕೊಳ್ಳುವುದಕ್ಕೆ. ಬೇಟೆ ಅಲ್ಲಿಯೂ ಅಪರಾಧವೇ.

ಆರಿಸುವಾಗ ನೋಡಬೇಕಾದ್ದು

ಹೊಸಬರು ಮೊದಲು ಗಾಳಿ ರೈಫಲ್‌ನಲ್ಲಿ 10 ಮೀಟರ್ ದೂರಕ್ಕೆ ಆರು ತಿಂಗಳಾದರೂ ಅಭ್ಯಾಸ ಮಾಡುವುದು ಮೇಲು. 4.5 ಮಿ.ಮೀ. ಬೋರಿನ, 20 ಜೌಲ್ ಮೀರದ ಗಾಳಿ ರೈಫಲಿಗೆ ಲೈಸೆನ್ಸ್ ಬೇಕಿಲ್ಲ. ಖರ್ಚೂ ಕಡಿಮೆ. ಜಾತ್ರೆಯಲ್ಲಿ ಬಲೂನು ಹೊಡೆದ ಅನುಭವವನ್ನು ಲೆಕ್ಕಕ್ಕೆ ಹಿಡಿಯಬೇಡಿ, ಆ ಕೋವಿಗಳ ನಳಿಗೆ ನೆಟ್ಟಗಿದ್ದರೆ ಅಂಗಡಿಯವನಿಗೆ ನಷ್ಟ! ಗಾಳಿ ರೈಫಲಿನಿಂದ ಮೊಲವನ್ನೋ ನವಿಲನ್ನೋ ಹೊಡೆದರೂ ಮೇಲೆ ಹೇಳಿದ ಕಾಯ್ದೆಯೇ ಅನ್ವಯಿಸುತ್ತದೆ.

ಪಾಯಿಂಟ್ 22ಕ್ಕೆ ಬಂದಾಗ ಕೈಯಿಂದ ಎಳೆದು ಮುಚ್ಚುವ ಬೋಲ್ಟಿನ ರೈಫಲನ್ನೇ ಆರಿಸಬೇಕು. ಬೋಲ್ಟ್ ತೆರೆದಿದ್ದರೆ ಕೋವಿ ಹಾರುವುದಿಲ್ಲ ಎಂಬುದು ಪಕ್ಕದಲ್ಲಿ ನಿಂತವನಿಗೂ ಕಾಣುತ್ತದೆ. ಕಲಿಯುವವರಿಗೆ ಒಂದೊಂದೇ ತೋಟಾ ತುಂಬುವ ಮಾದರಿ ಇನ್ನೂ ಒಳ್ಳೆಯದು. ತೋಟಾ ಉಳಿತಾಯವಾಗುತ್ತದೆ, ಅವಸರ ಹೋಗುತ್ತದೆ. ಇಛಾಪುರದ ರೈಫಲ್ ಕಾರ್ಖಾನೆ ಇಂಥ ಬೋಲ್ಟಿನ ಪಾಯಿಂಟ್ 22 ರೈಫಲನ್ನು ಮಾಡುತ್ತ ಬಂದಿದೆ. ಆರಂಭಕ್ಕೆ ಅದು ಸಾಕು. ಸ್ಪರ್ಧೆಯ ಮಟ್ಟಕ್ಕೆ ಏರಿದವರು ಮುಂದೆ ಭಾರದ ನಳಿಗೆಯ ವಿದೇಶಿ ರೈಫಲ್ ಯೋಚಿಸಬಹುದು.

ಎಲ್ಲಕ್ಕಿಂತ ಮುಖ್ಯ ಕೋವಿ ಮೈಗೆ ಹೊಂದುವುದು. ಖಾಲಿ ಕೋವಿಯನ್ನು ಕಣ್ಣು ಮುಚ್ಚಿ ಭುಜಕ್ಕೆ ಏರಿಸಿ, ಕೆನ್ನೆಯನ್ನು ಮರಕ್ಕೆ ಆನಿಸಿ, ಆಮೇಲೆ ಕಣ್ಣು ತೆರೆಯಿರಿ. ಹಿಂದಿನ ಕಿಂಡಿ, ಮುಂದಿನ ಗುರಿಮೊನೆ ತಾವಾಗಿ ನೇರಕ್ಕೆ ಬಂದಿದ್ದರೆ ಅದು ನಿಮ್ಮ ಅಳತೆಯ ಕೋವಿ. ಕತ್ತು ಚಾಚಿ ಹುಡುಕಬೇಕಾದರೆ ಬಟ್ಟಿನ ಉದ್ದ ಹೊಂದಿಲ್ಲ. ಎತ್ತಿಗೆ ನೊಗ ಹೇಗೋ ಇದೂ ಹಾಗೆ. ಅಳತೆ ತಪ್ಪಿದರೆ ದುಡಿಮೆಯೆಲ್ಲ ಹೆಗಲ ಹುಣ್ಣಿಗೆ. ತೂಕ ತೀರ ಹಗುರ ಇರಬಾರದು. ಗುರಿ ಅಭ್ಯಾಸಕ್ಕೆ ನಾಲ್ಕು ಕಿಲೋ ಆಸುಪಾಸಿನದು ಕೈಯಲ್ಲಿ ಅಲುಗದೆ ನಿಲ್ಲುತ್ತದೆ. ಕುದುರೆ ಎಳೆದಾಗ ಜಗ್ಗದೆ, ತಡವರಿಸದೆ ಗಾಜಿನ ಕಡ್ಡಿ ಮುರಿದಂತೆ ಬಿಡಬೇಕು. ಹಿಂದಿನ ಗುರಿಕಿಂಡಿ ತೂತಿನದಾಗಿದ್ದು ಮೇಲೆ ಕೆಳಗೆ, ಎಡ ಬಲಕ್ಕೆ ತಿರುಪಿನಿಂದ ಸರಿಸಲು ಬರುವಂತಿರಬೇಕು. ದುರ್ಬೀನು ಬೇಡ. 50 ಮೀಟರ್ ರೈಫಲ್ ಸ್ಪರ್ಧೆಯಲ್ಲಿ ಅದಕ್ಕೆ ಅವಕಾಶವಿಲ್ಲ.

ಹಳೆಯ ಕೋವಿ ಕೊಳ್ಳುವುದಾದರೆ ಬೋಲ್ಟ್ ತೆಗೆದು ನಳಿಗೆಯನ್ನು ಬೆಳಕಿಗೆ ಹಿಡಿದು ನೋಡಿ. ಒಳಗಿನ ಗೀರುಗಳು ಹೊಳೆಯಬೇಕು, ತುಕ್ಕಿನ ಕುಳಿ ಇರಬಾರದು. ತೋಟಾ ಕೂರುವ ಬಾಯಿಯ ಅಂಚಿನಲ್ಲಿ ಸೂಜಿ ಬಡಿದ ಕಚ್ಚು ಇದೆಯೇ ಎಂದೂ ನೋಡಬೇಕು. ಖಾಲಿ ಕೋವಿಯ ಕುದುರೆ ಎಳೆದು ಆಡಿಸಿದ ಹಳೆಯ ರೈಫಲ್‌ಗಳಲ್ಲಿ ಈ ದೋಷ ಉಂಟಾಗುತ್ತದೆ, ಆಮೇಲೆ ತೋಟಾ ಸಲೀಸಾಗಿ ಹೊರಬಾರದು. ಮಾರುವವರು ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ಅಥವಾ ಪೊಲೀಸ್ ಠಾಣೆಗೆ ಲಿಖಿತವಾಗಿ ತಿಳಿಸಿ 45 ದಿನ ಕಾಯಬೇಕು ಎಂಬ ನಿಯಮ ನೆನಪಿರಲಿ.

ತೋಟಾದಲ್ಲಿ ಹೆಚ್ಚು ವೇಗದ್ದೇ ಒಳ್ಳೆಯದೆಂಬ ಭ್ರಮೆ ಇದೆ. ಶಬ್ದದ ವೇಗ ದಾಟಿದ ಗುಂಡು ದಾರಿಯಲ್ಲಿ ನಿಧಾನಗೊಂಡು ಆ ವೇಗಕ್ಕಿಂತ ಕೆಳಗೆ ಇಳಿಯುವಾಗ ತುಸು ಕದಲುತ್ತದೆ. ಆದ್ದರಿಂದ ಸ್ಪರ್ಧೆಯ ತೋಟಾಗಳನ್ನು ಶಬ್ದಕ್ಕಿಂತ ನಿಧಾನವಾಗಿಯೇ ಮಾಡುತ್ತಾರೆ. ಒಂದೇ ಮಾದರಿಯ ಎರಡು ರೈಫಲ್‌ಗಳಿಗೆ ಒಂದೇ ತೋಟಾ ಒಗ್ಗದೆಯೂ ಇರಬಹುದು. ಎರಡು ಮೂರು ಬಗೆ ತಂದು, 50 ಮೀಟರಿನಲ್ಲಿ ಐದೈದು ಗುಂಡು ಹಾರಿಸಿ, ಯಾವುದರ ತೂತುಗಳು ಹತ್ತಿರ ಹತ್ತಿರ ಬಿದ್ದವೋ ಅದನ್ನೇ ಮುಂದುವರಿಸಬೇಕು. ಹಲಗೆಯ ಹತ್ತು ಅಂಕದ ವೃತ್ತ ಬರೇ 10.4 ಮಿ.ಮೀ. ಇರುವುದರಿಂದ ಈ ಪರೀಕ್ಷೆ ಅಗತ್ಯ. 50 ಮೀಟರಿಗೆ ಹೊಂದಿಸಿದ ಕೋವಿಯ ಗುಂಡು 100 ಮೀಟರಿನಲ್ಲಿ ಹೆಚ್ಚುಕಡಿಮೆ ಒಂದು ಗೇಣು ಕೆಳಗೆ ಬೀಳುತ್ತದೆ.

ಸಣ್ಣ ಗುಂಡು, ದೊಡ್ಡ ಅಪಾಯ

ಸದ್ದು ಸಣ್ಣದೆಂದು ಇದನ್ನು ಆಟಿಕೆಯೆಂದು ತಿಳಿಯುವುದೇ ದುರಂತಗಳ ಮೂಲ. ಮೇಲ್ಮುಖವಾಗಿ ಹಾರಿದ ಗುಂಡು ಒಂದೂವರೆ ಕಿಲೋಮೀಟರ್ ದಾಟಿಯೂ ಹೋಗಬಲ್ಲದು. ಅರಸೀಕೆರೆ ಸುತ್ತಿನ ಬಂಡೆ ನೆಲಕ್ಕೂ, ತುಂಬಿದ ಕೆರೆಯ ನೀರಿಗೂ ಓರೆಯಾಗಿ ಬಿದ್ದ ಸೀಸದ ಗುಂಡು ಹುಡುಗರು ಎಸೆದ ಕಪ್ಪೆಗಲ್ಲಿನಂತೆ ಪುಟಿಯುತ್ತದೆ. ಅದು ಎಲ್ಲಿಗೆ ಹೋದೀತು ಹೇಳಲಾಗದು. ಹಳೇಬೀಡಿನಲ್ಲಿ ಕೆರೆಯ ಮಗ್ಗುಲಲ್ಲೇ ಗುಡಿ, ಗುಡಿಯ ತುಂಬ ಜನ. ಬೇಲೂರಿನ ತೋಟಗಳಲ್ಲಿ ಕಾಫಿ ಗಿಡದ ಮರೆಯಲ್ಲಿ ಆಳುಗಳಿರುತ್ತಾರೆ. ಎತ್ತರದ ಮಣ್ಣುದಿಬ್ಬವಿರುವ ಅಧಿಕೃತ ರೇಂಜಿನಲ್ಲಿ ಮಾತ್ರ ಹಾರಿಸಬೇಕು. ಮನೆಯಲ್ಲಿ ಬೋಲ್ಟ್ ಒಂದು ಕಡೆ, ಕೋವಿ ಒಂದು ಕಡೆ, ತೋಟಾ ಬೀಗದೊಳಗೆ. ಸೀಸ ಮುಟ್ಟಿದ ಕೈ ತೊಳೆಯದೆ ಊಟಕ್ಕೆ ಕೂರಬಾರದು.

ಮೊಲದ ಕಾಟಕ್ಕೆ ಏನು ಮಾಡಬೇಕು?

ಮೊದಲು ಕಾಟ ಮೊಲದ್ದೇ ಎಂದು ಖಚಿತಪಡಿಸಿಕೊಳ್ಳಬೇಕು. ಮೊಲ ಕಡಿದ ಕಾಂಡ ಚಾಕುವಿನಿಂದ ಓರೆಯಾಗಿ ಕೊಯ್ದಂತಿರುತ್ತದೆ, ಹತ್ತಿರದಲ್ಲಿ ಒಣ ನಾರಿನ ದುಂಡನೆಯ ಹಿಕ್ಕೆ ಸಿಗುತ್ತದೆ. ಹಾನಿ ಹೆಚ್ಚಾಗಿ ಬಿತ್ತನೆಯ ನಂತರದ ಮೊದಲ ಕೆಲವು ವಾರ, ಕುರುಚಲಿಗೆ ತಾಗಿದ ಅಂಚಿನ ಸಾಲುಗಳಲ್ಲಿ. ಮೇಯ್ದ ರಾಗಿ ತೆಂಡೆ ಹೊಡೆದು ಬಹುಮಟ್ಟಿಗೆ ಚೇತರಿಸುತ್ತದೆ. ಬುಡಕ್ಕೆ ಕತ್ತರಿಸಿದ ಅವರೆ, ಅಲಸಂದೆ ಚೇತರಿಸದು. ಆದ್ದರಿಂದ ಎಕರೆಗಟ್ಟಲೆ ರಾಗಿಗೆ ಬೇಲಿಯ ಖರ್ಚು ಮಾಡುವುದು ಬೇಡ. ಅಂಚಿನ ಸಾಲುಗಳಿಗೆ ಬೀಜ ತುಸು ಹೆಚ್ಚು ಹಾಕಿದರೆ ಸಾಕು.

ತರಕಾರಿ ಮಡಿ, ಸಸಿಮಡಿ, ಕಾಳಿನ ಸಣ್ಣ ತಾಕುಗಳಿಗೆ ಒಂದು ಅಂಗುಲ ಕಣ್ಣಿನ ಕೋಳಿಬಲೆಯ ತಂತಿ ಸುತ್ತಬಹುದು. ಎತ್ತರ ಎರಡೂವರೆ ಅಡಿ ಇರಲಿ. ನಮ್ಮ ಮೊಲ ಬಿಲ ತೋಡುವ ಜಾತಿಯದಲ್ಲ, ಆದರೆ ಸಂದು ಸಿಕ್ಕರೆ ನುಸುಳುತ್ತದೆ. ಕೆಳಗಿನ ಅರ್ಧ ಅಡಿ ತಂತಿಯನ್ನು ಹೊರಗಡೆಗೆ ಮಡಿಸಿ ನೆಲದ ಮೇಲೆ ಹಾಸಿ ಕಲ್ಲು ಹೇರಬೇಕು. ಹೊಸದಾಗಿ ನೆಟ್ಟ ಮಾವು, ನುಗ್ಗೆ, ಶ್ರೀಗಂಧದ ಗಿಡಗಳಿಗೆ ಇದೇ ತಂತಿಯ ಎರಡಡಿ ಎತ್ತರದ ಕೊಳವೆ ಅಥವಾ ಬಿದಿರಿನ ತಟ್ಟಿ ಸಾಕು. ಕಾಂಡಕ್ಕೆ ತಾಗದಂತೆ ನಾಲ್ಕು ಬೆರಳು ಜಾಗ ಬಿಡಿ.

ಉರುಲನ್ನಂತೂ ಒಡ್ಡಲೇಬಾರದು. ಮೊಲಕ್ಕೆ ಇಟ್ಟ ಉರುಲಿಗೆ ಅರಸೀಕೆರೆ ಗುಡ್ಡಗಳ ಚಿರತೆ, ಕರಡಿ ಸಿಕ್ಕಿದರೆ ಬೆಳಗ್ಗೆ ಹೊಲಕ್ಕೆ ಹೋದವರ ಪ್ರಾಣಕ್ಕೇ ಸಂಚಕಾರ. ಬೇಲಿಗೆ ವಿದ್ಯುತ್ ಹಾಯಿಸುವವರ ಬಗ್ಗೆ ಹೇಳಬೇಕಾದ್ದೇನೂ ಉಳಿದಿಲ್ಲ.

ಮೊಲದ ಮಾಂಸ ಬೇಕೆನ್ನುವವರು ಸೋವಿಯತ್ ಚಿಂಚಿಲಾ, ನ್ಯೂಜಿಲೆಂಡ್ ವೈಟ್ ಮುಂತಾದ ಸಾಕು ತಳಿಗಳನ್ನು ಗೂಡಿನಲ್ಲಿ ಸಾಕಬಹುದು. ಅದು ಬೇರೆಯೇ ಪ್ರಾಣಿ. ಅದರ ಮರಿ ಹುಟ್ಟುವಾಗ ಕೂದಲಿರದು, ಕಣ್ಣು ಮುಚ್ಚಿರುತ್ತದೆ. ಕಾಡುಮೊಲದ ಮರಿ ಕೂದಲು ಹೊದ್ದು ಕಣ್ಣು ತೆರೆದೇ ಹುಟ್ಟುತ್ತದೆ. ಹುಲ್ಲು ಕೊಯ್ಯುವಾಗ ಅಂಥ ಮರಿ ಒಂಟಿಯಾಗಿ ಕಂಡರೆ ತಬ್ಬಲಿಯೆಂದು ಮನೆಗೆ ತರಬೇಡಿ. ತಾಯಿ ಹಗಲು ದೂರವಿದ್ದು ಕತ್ತಲಾದ ಮೇಲೆ ಹಾಲುಣಿಸಲು ಬರುತ್ತದೆ. ಆ ಒಂದು ಹಿಡಿ ಹುಲ್ಲನ್ನು ಬಿಟ್ಟು ಮುಂದಿನದನ್ನು ಕೊಯ್ದುಕೊಳ್ಳಿ.