ಹದ ಮೀರಿದರೆ ಕೆಲಸ ಕೆಟ್ಟೀತು

ಒಂದು ಕೆಲಸ ಯಾಕೆ ಕೆಡುತ್ತದೆ? ದುಡ್ಡು ಸಾಲಲಿಲ್ಲ, ಜನ ಸಾಲಲಿಲ್ಲ ಎಂದು ಥಟ್ಟನೆ ಹೇಳುತ್ತೇವೆ. ಆದರೆ ದುಡ್ಡು, ಜನ ಎರಡೂ ಇದ್ದು ಕೆಟ್ಟ ಕೆಲಸಗಳೂ ಉಂಟು. ಅಲ್ಲಿ ತಪ್ಪಿದ್ದು ಹೊತ್ತು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆ ಏನು ಬಂತು?

ಗಿಡ ನೆಡೋದನ್ನೇ ನೋಡಿ. ನಮ್ಮ ದೇಶದಲ್ಲಿ ವನಮಹೋತ್ಸವವನ್ನು 1950ರಲ್ಲಿ ಕೆ. ಎಂ. ಮುನ್ಷಿಯವರು ಶುರು ಮಾಡಿದರು. ಅದನ್ನು ಜುಲೈ ಮೊದಲ ವಾರದಲ್ಲಿ ಆಚರಿಸೋದು ಯಾಕೆ? ಜೂನ್‌ನಲ್ಲಿ ಮುಂಗಾರು ಬಂದು ನೆಲ ನೆನೆದಿರುತ್ತದೆ. ಆಗ ನೆಟ್ಟ ಸಸಿಗೆ ಬೇರು ಇಳಿಸಲು ಉಳಿದ ಮಳೆಗಾಲವೆಲ್ಲಾ ಸಿಗುತ್ತದೆ. ಅದೇ ಹೊಂಗೆ ಸಸಿಯನ್ನು ಮಳೆ ಮುಗಿದ ಮೇಲೆ ನೆಟ್ಟರೆ? ಬೇರು ಇನ್ನೂ ಚೀಲದಲ್ಲಿದ್ದಷ್ಟೇ ಇರುತ್ತದೆ, ಮೇಲಿನ ಮಣ್ಣು ಒಣಗುತ್ತಾ ಬರುತ್ತದೆ. ನೀರು ಹೊರುವವರು ಇಲ್ಲದಿದ್ದರೆ ಬೇಸಿಗೆಗೆ ಉಳಿಯೋದು ಬರೀ ಕಡ್ಡಿ. ಸಸಿ ಅದೇ, ಗುಂಡಿ ಅದೇ, ನೆಟ್ಟ ಕೈಯೂ ಅದೇ!

ಅವಸರವೂ ಕೆಟ್ಟದ್ದು. ಮೇ ತಿಂಗಳ ಒಂದು ಮಳೆ ನಂಬಿ ನೆಟ್ಟರೆ, ಮುಂಗಾರು ಬರೋ ಹೊತ್ತಿಗೆ ಸಸಿ ಬಾಡಿರುತ್ತದೆ.

ಹಾಗಾದರೆ ತಡ ಆಗೋದು ಎಲ್ಲಿ? ನೆಡುವ ದಿನದಲ್ಲಲ್ಲ, ಅದಕ್ಕೂ ಹಿಂದೆ. ಆದ್ದರಿಂದ ಕೊನೆಯಿಂದ ಹಿಂದಕ್ಕೆ ಎಣಿಸಬೇಕು:
1. ಜುಲೈಗೆ ನೆಡಬೇಕಾದರೆ ಬೇಸಿಗೆಯಲ್ಲೇ ಗುಂಡಿ ತೋಡಿರಬೇಕು.
2. ಸಸಿ ಬೇಕಾದರೆ ತಿಂಗಳುಗಟ್ಟಲೆ ಮೊದಲೇ ಚೀಲಕ್ಕೆ ಬೀಜ ಹಾಕಿರಬೇಕು.
3. ದನ ಮೇಯದಂತೆ ಬೇಲಿಯ ಮುಳ್ಳು ನೆಡುವ ಮೊದಲೇ ಬಂದಿರಬೇಕು.
ಇದರಲ್ಲಿ ಒಂದು ತಡವಾದರೂ ಮಳೆ ನಮಗಾಗಿ ಕಾಯೋದಿಲ್ಲ.

ಹದ ತಪ್ಪಿಯೇ ಹೋಯ್ತು ಅನ್ನಿ, ಆಗೇನು ಮಾಡೋದು? ಇದಕ್ಕೆ ಆಕಾಶದ ಕಡೆ ನೋಡೋಣ. ಭೂಮಿಯಿಂದ ಮಂಗಳಕ್ಕೆ ಕಡಿಮೆ ಇಂಧನದಲ್ಲಿ ಹೊರಡುವ ಹದ ಸುಮಾರು 26 ತಿಂಗಳಿಗೊಮ್ಮೆ ಬರುತ್ತದೆ. ಅಮೆರಿಕದ ‘ಇನ್‌ಸೈಟ್’ ನೌಕೆ 2016ರ ಮಾರ್ಚ್‌ನಲ್ಲಿ ಹೊರಡಬೇಕಿತ್ತು. ಅದರ ಒಂದು ಉಪಕರಣದಲ್ಲಿ ಸೋರಿಕೆ ಕಂಡಿತು. ಸರಿಪಡಿಸುವಷ್ಟರಲ್ಲಿ ಹದ ಮೀರುತ್ತಿತ್ತು. ಹೇಗೋ ಕಳಿಸಿಬಿಡೋಣ ಎನ್ನದೆ ವಿಜ್ಞಾನಿಗಳು ಮುಂದಿನ ಹದಕ್ಕೆ ಕಾದರು. ನೌಕೆ 2018ರ ಮೇ 5ರಂದು ಹೊರಟು, ಅದೇ ನವೆಂಬರ್‌ನಲ್ಲಿ ಮಂಗಳದ ಮೇಲೆ ಸುಖವಾಗಿ ಇಳಿಯಿತು.

ನಾವೂ ಹಾಗೇ ಮಾಡಬಹುದು. ಮಳೆ ಮುಗಿದಿದ್ದರೆ ಲೆಕ್ಕ ತುಂಬಿಸಲು ಸಸಿ ನೆಡಬಾರದು. ನೆರಳಲ್ಲಿಟ್ಟು ನೀರು ಕೊಟ್ಟು ಸಾಕಿ, ಮುಂದಿನ ಮುಂಗಾರಿಗೆ ನೆಡೋಣ. ಕಾಯೋದು ಸೋಲಲ್ಲ, ಹದ ತಿಳಿದೂ ಮೀರೋದು ಸೋಲು.

ಮಾಡಿ ನೋಡಿ: ನಿಮ್ಮ ಮನೆಯ ಹೊಲದ ಬಿತ್ತನೆಗೆ ಏನೇನು ಯಾವಾಗ ಸಿದ್ಧವಾಗಬೇಕು? ಹಿರಿಯರನ್ನು ಕೇಳಿ, ಹಿಂದಿನಿಂದ ಎಣಿಸಿ ಬರೆಯಿರಿ.